ಗೂಢ ಪದಬಂಧದ ಸುಳಿವನ್ನು ತುದಿಯಿಂದ ಹಿಡಿಯಿರಿ

ಕೊಡಗಿನ ಪದಬಂಧಪ್ರಿಯರೇ, ಮಳೆ ಹಿಡಿದು ಮನೆಯೊಳಗೇ ಕೂರುವ ಈ ದಿನಗಳಿಗೆ ಒಂದು ಸಲಹೆ. ಗೂಢ ಸುಳಿವಿನಲ್ಲಿ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ: ಉತ್ತರದ ನೇರ ಅರ್ಥ ಮತ್ತು ಅಕ್ಷರಗಳ ಆಟ. ನೇರ ಅರ್ಥ ಇರುವುದು ಆರಂಭದಲ್ಲಿ ಅಥವಾ ಕೊನೆಯಲ್ಲಿ, ನಡುವೆ ಅಲ್ಲ. ವಾಕ್ಯದ ಚಂದಕ್ಕೆ ಮರುಳಾಗದೆ ಮೊದಲು ಎರಡೂ ತುದಿಗಳನ್ನು ನೋಡಿ.

ಉದಾಹರಣೆಗೆ ಈ ಸುಳಿವು: 'ಶುಚಿಯಾದ ಬೀದಿ, ಕೊಡಗಿನ ಜಿಲ್ಲಾ ಕೇಂದ್ರ (4)'. ಆವರಣದಲ್ಲಿರುವುದು ಉತ್ತರದ ಅಕ್ಷರಗಳ ಸಂಖ್ಯೆ. ಕೊನೆಯ ಮೂರು ಪದಗಳೇ ಅರ್ಥ. ಶುಚಿಗೆ ಮಡಿ, ಬೀದಿಗೆ ಕೇರಿ, ಜೋಡಿಸಿದರೆ ಮಡಿಕೇರಿ. ಇನ್ನೊಂದು: 'ಹಿಂದಿರುಗಿದ ದಿವಸ ಕಾವೇರಿಯಂತೆ ಹರಿಯುವುದು (2)'. 'ಹಿಂದಿರುಗಿದ' ಎಂದರೆ ತಿರುಗಿಸಿ ಓದಿ ಎಂಬ ಸೂಚನೆ. ದಿನ ತಿರುಗಿದರೆ ನದಿ! 'ಚದುರಿದ', 'ಕಲಸಿದ' ಎಂದಿದ್ದರೆ ಪಕ್ಕದ ಪದದ ಅಕ್ಷರಗಳನ್ನು ಅದಲುಬದಲು ಮಾಡಿ. ಕನ್ನಡದಲ್ಲಿ ಗುಣಿತ, ಒತ್ತು ಸಮೇತ ಇಡೀ ಅಕ್ಷರಕ್ಕೆ ಒಂದೇ ಚೌಕ ಎಂಬುದು ನೆನಪಿರಲಿ.

ಬೇರೆಯವರಿಗೆ ವಿವರಿಸುವಾಗ ದಯವಿಟ್ಟು ಬರೀ ಉತ್ತರ ಹಾಕಬೇಡಿ. ಹೊಸಬರು ಕಲಿಯುವುದೇ ವಿವರಣೆಯಿಂದ. ಅರ್ಥದ ಭಾಗಕ್ಕೆ ಗೆರೆ ಎಳೆಯಿರಿ, ಸೂಚನೆಯ ಪದವನ್ನು ಬೇರೆ ತೋರಿಸಿ. ಸುಳಿವಿನ ಒಂದು ಪದ ಕೆಲಸವಿಲ್ಲದೆ ಉಳಿದರೂ ಉತ್ತರವನ್ನು ಮತ್ತೊಮ್ಮೆ ಪರಿಶೀಲಿಸಿ.