ಚಹಾ ಹೊತ್ತಿನ ಚೇಷ್ಟೆ ನಿಂತ ಬಗೆ

‘ಆಟಿಸಂ ಇರುವ ಇವರನ್ನೆಲ್ಲ ಅಡಿಕೆ ಶೆಡ್ಡಿಗೆ ತಂದು ಯಾಕೆ ಪಜೀತಿ ಮಾಡ್ಕೋತಿ?’ ಅಂದಿದ್ದರು ಊರವರು. ಈಗ ಅವರೇ ಬಂದು ನೋಡಿ ಹೋಗುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶಿರಸಿ ಹತ್ತಿರ ನಮ್ಮದು ಚಾಲಿ, ಅಂದರೆ ಒಣಗಿಸಿದ ಅಡಿಕೆ, ಸುಲಿಯುವ ಸಣ್ಣ ಶೆಡ್ಡು. ಸದ್ದಿಗೆ ಹೆದರಿ ಯಂತ್ರ ತಂದಿಲ್ಲ, ಎಲ್ಲ ಕೈಸುಲಿಗೆ. ಹತ್ತು ಹನ್ನೆರಡು ಜನರಲ್ಲಿ ಮೂವರಿಗೆ ಆಟಿಸಂ. ಮೂವರಿಗೂ 25 ದಾಟಿದೆ. ಒಬ್ಬ ನನ್ನ ಅಕ್ಕನ ಮಗ.

ಮೊದಲ ಸುಗ್ಗಿಯಲ್ಲಿ ಅವನು ಕುಗ್ಗಿಹೋದ. ಗಡ್ಡ ತೆಗೆಯುವುದು ಬಿಟ್ಟ. ಅಕ್ಕನ ಸೆರಗು ಹಿಡಿದು ತಿರುಗುತ್ತಿದ್ದ, ಚಿಕ್ಕ ಮಗುವಿನ ಹಾಗೆ ತೊದಲುತ್ತಿದ್ದ, ಊಟ ತಿನ್ನಿಸು ಅನ್ನುತ್ತಿದ್ದ. ನೆಂಟರು ‘ನಾಟಕ’ ಅಂದರು. ಕಲಿತದ್ದು ಹೀಗೆ ಬಿಟ್ಟುಹೋದರೆ ಮೊದಲು ಡಾಕ್ಟರಿಗೆ ತೋರಿಸಬೇಕು. ಥೈರಾಯ್ಡ್, ಫಿಟ್ಸ್, ಖಿನ್ನತೆ, ಕೆಟಟೋನಿಯಾ (ಮೈ, ಮಾತು ಸ್ತಬ್ಧವಾಗುವ ತೊಂದರೆ), ಯಾವುದೂ ಇರಬಹುದು. ಹುಬ್ಬಳ್ಳಿ, ಮಣಿಪಾಲ ಅಂತ ಓಡಾಟಕ್ಕೇ 20 ಸಾವಿರದ ಹತ್ತಿರ ಹೋಯಿತು. ಅದ್ಯಾವುದೂ ಇರಲಿಲ್ಲ. ಕಾರಣ ನಮ್ಮ ಶೆಡ್ಡಲ್ಲೇ ಇತ್ತು.

ಕೂಲಿ ಕೆಜಿ ಲೆಕ್ಕದ್ದು. ಕೆಲಸದ ಹೊತ್ತಲ್ಲಿ ಚೇಷ್ಟೆಗೆ ಯಾರಿಗೂ ಪುರುಸೊತ್ತಿಲ್ಲ. ಎಲ್ಲ ನಡೆಯುತ್ತಿದ್ದದ್ದು ಚಹಾ ಹೊತ್ತಲ್ಲಿ. ಅವನ ದುಡ್ಡಲ್ಲೇ ಅವನಿಂದ ಗುಟ್ಕಾ ತರಿಸುತ್ತಿದ್ದರು. ಅವನು ಮನೆಗೆ ಬಂದು ‘ನನಗೆ ಗೆಳೆಯರಿದ್ದಾರೆ’ ಅನ್ನುತ್ತಿದ್ದ. ಮರುದಿನ ಅದೇ ಗೆಳೆಯರು ಅವನನ್ನು ಬಿಟ್ಟು ಎದ್ದು ಹೋಗುತ್ತಿದ್ದರು.

ಬುದ್ಧಿ ಹೇಳಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯನ್ನೂ ಓದಿ ಹೇಳಿದೆ. ಬೇಕಂತಲೇ ನಾಲ್ಕು ಜನರೆದುರು ಅವಮಾನ ಮಾಡಿದರೆ 92ನೇ ಕಲಮಿನಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ಚೇಷ್ಟೆ ಶೆಡ್ಡಿನ ಹಿಂದಕ್ಕೆ ಹೋಯಿತು, ಅಷ್ಟೇ. ಆಮೇಲೆ ಜೋಡಿ ಮಾಡಿ ಕೂಲಿ ಹಂಚಿದೆ. ಇವನು ನಿಧಾನ, ಜೊತೆಗಾರ ಚುರುಕು. ಬೈಗುಳ ಜಾಸ್ತಿ ಆಯಿತು. ಕೂಲಿ ಕಮ್ಮಿಬಿದ್ದದ್ದನ್ನು ನಾನೇ ತುಂಬಿಕೊಟ್ಟೆ, ಎಂಟೋ ಹತ್ತೋ ಸಾವಿರ. ಬೇರೆ ಕೋಣೆಯಲ್ಲಿ ಕೂರಿಸಿದ್ದು ಎಲ್ಲಕ್ಕಿಂತ ಕೆಟ್ಟದಾಯಿತು. ಚುಡಾಯಿಸುವವರಿಲ್ಲ, ಮಾತಾಡಿಸುವವರೂ ಇಲ್ಲ. ತೊದಲು ಇನ್ನೂ ಏರಿತು.

ಕೈಹಿಡಿದದ್ದು ತೂಕದ ಪುಸ್ತಕ. ಇಂಥವರು ಅಡಿಕೆ ಆರಿಸುವುದರಲ್ಲಿ ಗಟ್ಟಿಗರು ಅನ್ನುತ್ತಾರಲ್ಲ, ನಮ್ಮವನಿಗೆ ಬಿಳೆಗೋಟು, ಕೆಂಪುಗೋಟು ಅಂತ ಅಡಿಕೆಯ ದರ್ಜೆ ಬೇರೆ ಮಾಡು ಅಂದರೆ ತಲೆನೋವು. ಅಂಕಿ ಬರೆಯುವುದು ಮಾತ್ರ ಇಷ್ಟ. ಎಲ್ಲರ ತೂಕ ಅವನೇ ಬರೆಯಲಿ ಅಂದೆ. ನೂರು ಗ್ರಾಂ ನನ್ನ ಕಡೆಗೂ ಬಿಡಲ್ಲ, ಅವರ ಕಡೆಗೂ ಬಿಡಲ್ಲ. ಹೆಂಗಸರು ಅವನ ಪುಸ್ತಕವನ್ನೇ ನಂಬತೊಡಗಿದರು.

ಚಹಾಕ್ಕೂ ಒಂದು ಕ್ರಮ ತಂದೆ. ಬಡಿಸುವುದು ಸರದಿ ಮೇಲೆ, ಹಲಗೆಯಲ್ಲಿ ಹೆಸರು. ಇವನ ಆಚೀಚೆ ಇಬ್ಬರು ಹಿರಿಯ ಹೆಂಗಸರು. ಅವರನ್ನು ಹೇಗೆ ಆರಿಸಿದೆ ಅನ್ನುವುದನ್ನು ಇಲ್ಲಿ ಬರೆಯಲ್ಲ, ಅದು ನನ್ನ ಹತ್ತಿರವೇ ಇರಲಿ. ಮತ್ತೆ ನಾಲ್ಕು ಕೆಂಪು ಲೋಟ ತಂದಿಟ್ಟೆ, ಇನ್ನೂರು ರೂಪಾಯಿಯೊಳಗೆ. ಕೆಂಪು ಲೋಟ ಹಿಡಿದವರನ್ನು ಯಾರೂ ಮಾತಾಡಿಸಬಾರದು. ಯಾರು ಬೇಕಾದರೂ ತೆಗೆದುಕೊಳ್ಳಬಹುದು. ನಾಲ್ಕು ಸಾಲದೆ ಇನ್ನೂ ತರಬೇಕಾಯಿತು! ಇವನು ಕೆಂಪು ಲೋಟ ಹಿಡಿಯದ ದಿನ ಬಸ್ಸಿನ ಟೈಮು ಹೇಳುತ್ತಾನೆ. ದೇವಿಮನೆ ಘಟ್ಟದಲ್ಲಿ ಕುಮಟಾಕ್ಕೆ ಹೋಗುವವರು ಇವನನ್ನೇ ಕೇಳುತ್ತಾರೆ.

ಮನೆಯಲ್ಲಿ ತೊದಲಿಗೆ ಬೈಯಬೇಡಿ, ನಗಬೇಡಿ ಅಂದಿದ್ದೆ, ಅಷ್ಟೇ. ಸುಗ್ಗಿ ಮುಗಿಯುವಷ್ಟರಲ್ಲಿ ಗಡ್ಡ ತಾನೇ ಬೋಳಿಸಿಕೊಂಡ. ಚೀಲದಲ್ಲಿ ಬಟ್ಟೆ ಆನೆ ಈಗಲೂ ಇದೆ. ಅದು ಮೊದಲಿಂದಲೂ ಇತ್ತು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ದಯವಿಟ್ಟು ಕಸಿದುಕೊಳ್ಳಬೇಡಿ.

ನಡುವೆ ಒಂದು ಹುಚ್ಚು ಪ್ರಯೋಗ. ಸಮುದ್ರದ ಸದ್ದು ಒಳ್ಳೆಯದು ಅಂತ ಯಾರೋ ಹೇಳಿದರು, ಮೂವರನ್ನೂ ಕಾರವಾರದ ಟ್ಯಾಗೋರ್ ಬೀಚಿಗೆ ಒಯ್ದೆ. ಗಾಳಿಗೆ ಕೆರಳಿ ಒಬ್ಬನೂ ಕಾರಿಂದ ಇಳಿಯಲಿಲ್ಲ. ಪೆಟ್ರೋಲ್ ದಂಡ. ಆದರೆ ಮಿಕ್ಸರ್ ಸದ್ದಿಗೆ ಕಿವಿ ಮುಚ್ಚುವ ನಮ್ಮವನು ಯಕ್ಷಗಾನದಲ್ಲಿ ಚಂಡೆ ಪಕ್ಕ ಬೆಳಗಿನವರೆಗೆ ಕೂರುತ್ತಾನೆ!

ಈಗಿನ ತಲೆಬಿಸಿ ಸುಲಿಗೆ ಇಲ್ಲದ ತಿಂಗಳುಗಳದ್ದು. ಅಕ್ಕನ ಮಗನನ್ನು ಹಲಸಿನ ಹಪ್ಪಳಕ್ಕೆ ಕೂರಿಸಿ ನೋಡಿದೆ, ಹಿಟ್ಟು ಕೈಗೆ ಅಂಟಿದ್ದೇ ಎದ್ದು ಹೋದ. ಈ ಸಲ ತಕ್ಕಡಿ, ಪುಸ್ತಕ ಎರಡನ್ನೂ ಹಪ್ಪಳದ ಜಗುಲಿಗೇ ತಂದಿಡುತ್ತೇನೆ.