ಬಿ.ಎಸ್ಸಿ. ಆದಮೇಲೆ ನಾನು ಲ್ಯಾಬಿನ ದಾರಿ ಹಿಡಿದದ್ದು

ಮಂಡ್ಯ ಕಡೆ ಬಿ.ಎಸ್ಸಿ. ಮುಗಿಸಿದವರಿಗೆ ಸಲಹೆಗೇನೂ ಬರವಿಲ್ಲ. ಬಿ.ಎಡ್. ಮಾಡಿ ಮೇಷ್ಟ್ರಾಗು, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಸೇರು, ಇಲ್ಲಾಂದ್ರೆ ಕೆಪಿಎಸ್‌ಸಿಗೆ ಓದು. ಮೂರೂ ಒಳ್ಳೇ ದಾರಿಗಳೇ. ಆದರೆ ಮೂರಕ್ಕೂ ಸಂಬಳವಿಲ್ಲದೆ ಇನ್ನೊಂದೆರಡು ವರ್ಷ ಕೂರಬೇಕು. ನಮ್ಮ ಮನೆಯಲ್ಲಿ ಅದಾಗುವಂತಿರಲಿಲ್ಲ.

ಹಾಗಾಗಿ ಕೆಲಸದಲ್ಲಿದ್ದ ಸೀನಿಯರ್‌ಗಳ ಬೆನ್ನು ಹತ್ತಿದೆ. ಸಂಬಳ ಎಷ್ಟು ಅಂತ ಕೇಳಲಿಲ್ಲ. "ಅಣ್ಣಾ, ಬೆಳಗ್ಗೆ ಹೋದ್ರೆ ಸಂಜೆವರೆಗೂ ಏನ್ ಮಾಡ್ತೀರಾ?" ಅಂತ ಕೇಳಿದೆ. ಮೆಡಿಕಲ್ ರೆಪ್ ಆಗಿದ್ದವರು ಬೈಕು, ಡಾಕ್ಟರ ಬಾಗಿಲು, ಟಾರ್ಗೆಟ್ಟು ಅಂದರು. ನಂಜನಗೂಡಿನ ಔಷಧ ಕಂಪನಿಯ ಕ್ಯೂಸಿಯಲ್ಲಿ, ಅಂದ್ರೆ ಗುಣಮಟ್ಟ ಪರೀಕ್ಷಿಸೋ ವಿಭಾಗದಲ್ಲಿದ್ದವರು, "ಅರ್ಧ ದಿನ ಟೆಸ್ಟು, ಅರ್ಧ ದಿನ ಬರೆಯೋದು" ಅಂದರು. ನನಗೆ ಹಿಡಿಸಿದ್ದು ಅದೇ. ಮಾತಾಡಿ ಮಾರೋದು ನನ್ನ ಜಾಯಮಾನವಲ್ಲ.

ಅನುಭವವಿಲ್ಲದ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಹುಡುಗನನ್ನು ಔಷಧ ಕಂಪನಿ ಎಲ್ಲಿ ಕರೆಯುತ್ತೆ? ಮೊದಲು ಸಿಕ್ಕಿದ್ದು ನಮ್ಮ ಜಿಲ್ಲೆಯದೇ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬು. ಗಾಣದಿಂದ ಬಂದ ಕಬ್ಬಿನ ರಸಕ್ಕೆ ಹೈಡ್ರೋಮೀಟರ್ ಬಿಟ್ಟು ಬ್ರಿಕ್ಸ್, ಅಂದ್ರೆ ರಸದಲ್ಲಿ ಕರಗಿದ ಒಟ್ಟು ಘನಾಂಶ ಎಷ್ಟು ಅಂತ ನೋಡಬೇಕು. ಅದೇ ರಸಕ್ಕೆ ಲೆಡ್ ಸಬ್‌ಅಸಿಟೇಟ್ ಹಾಕಿ, ಕಸರು ಕೆಳಗೆ ಕೂತಮೇಲೆ ಸೋಸಿ, ತಿಳಿಯಾದದ್ದನ್ನು ಬೆಳಕಿನ ತಿರುವು ಅಳೆಯೋ ಪೋಲಾರಿಮೀಟರ್ ಟ್ಯೂಬಿಗೆ ತುಂಬಿ ಪೋಲ್, ಅಂದ್ರೆ ಸಕ್ಕರೆ ಅಂಶ ಎಷ್ಟು ಅಂತ ನೋಡಬೇಕು. ಪೋಲನ್ನು ಬ್ರಿಕ್ಸ್‌ನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಪ್ಯೂರಿಟಿ. ಟ್ಯೂಬಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ರೀಡಿಂಗ್ ಕೆಟ್ಟಿತು ಅಂತಲೇ ಲೆಕ್ಕ. ಕಾಲೇಜಲ್ಲಿ ಸಕ್ಕರೆ ದ್ರಾವಣ ಬೆಳಕನ್ನು ತಿರುಗಿಸುತ್ತೆ ಅಂತ ಬರೆದು ಮಾರ್ಕ್ಸ್ ತಗೊಂಡಿದ್ದೆ. ಇಲ್ಲಿ ಆ ತಿರುವು ರೈತರ ದುಡ್ಡಿಗೆ ತಗಲುತ್ತಿತ್ತು. ಕಬ್ಬಿಗೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ, ಅಂದ್ರೆ ಕೇಂದ್ರದ ಎಫ್‌ಆರ್‌ಪಿ, ನಿಂತಿರೋದೇ ಕಬ್ಬಿನಿಂದ ಸಿಗೋ ಸಕ್ಕರೆ ಇಳುವರಿ (ರಿಕವರಿ) ಮೇಲೆ, ಈಚಿನ ವರ್ಷಗಳಲ್ಲಿ ಅದರ ಮೂಲ ಮಟ್ಟ 10.25%. ಊರಿಗೆ ಹೋದರೆ ಚಿಕ್ಕಪ್ಪನ ಮೊದಲ ಮಾತು, "ರಿಕವರಿ ಎಷ್ಟು ಬತ್ತಾ ಅದೆ ಮಗಾ?"

ಹಂಗಾಮು ಮುಗಿಯಿತು, ಸೀಸನಲ್ ಆಗಿ ಸೇರಿದ ನಮ್ಮ ಕೆಲಸವೂ ನಿಂತಿತು. ಸಕ್ಕರೆಯಲ್ಲೇ ಮೇಲೆ ಬರಬೇಕೆಂದರೆ ಕಾನ್ಪುರದ ನ್ಯಾಷನಲ್ ಶುಗರ್ ಇನ್‌ಸ್ಟಿಟ್ಯೂಟಿನಲ್ಲೋ ಬೆಳಗಾವಿಯ ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಲ್ಲೋ ಓದಬಹುದು. ನಾನು ಆ ಕಡೆ ಹೋಗದೆ ಅಪ್ರೆಂಟಿಸ್ ಆದೆ. ಅಪ್ರೆಂಟಿಸ್ ಕಾಯ್ದೆಯಡಿ ಬಿ.ಎಸ್ಸಿ.ಯವರೂ ಸೇರಬಹುದಾದ 'ಲ್ಯಾಬೊರೇಟರಿ ಅಸಿಸ್ಟೆಂಟ್, ಕೆಮಿಕಲ್ ಪ್ಲಾಂಟ್' ಅನ್ನೋ ಟ್ರೇಡ್ ಇದೆ. ನಮ್ಮ ಕ್ಲಾಸಲ್ಲಿ ಬಹುತೇಕ ಯಾರಿಗೂ ಅದು ಗೊತ್ತಿರಲಿಲ್ಲ. ಅಪ್ರೆಂಟಿಸ್ ಅಂದ್ರೆ ಐಟಿಐನವರಿಗೆ ಅಂತ ಕಾಲೇಜುಗಳಲ್ಲಿ ಇವತ್ತಿಗೂ ಅಂದುಕೊಂಡಿದ್ದಾರೆ, ಏನು ಹೇಳೋದು.

ಅದು ಮುಗಿದಮೇಲೆ ನಂಜನಗೂಡು ಕಡೆಯ ಒಂದು ಕಂಪನಿಯ ಇಂಟರ್‌ವ್ಯೂ. ಡೆಫಿನಿಷನ್ ಒಂದನ್ನೂ ಕೇಳಲಿಲ್ಲ. ಪರ್ಮಾಂಗನೇಟ್ ತುಂಬಿದ ಬ್ಯೂರೆಟ್ ತೋರಿಸಿ "ಓದಪ್ಪಾ" ಅಂದರು. ಬಣ್ಣ ಗಾಢವಾದ್ದರಿಂದ ದ್ರವದ ಮೇಲ್ಮೈಯ ಕೆಳಗಿನ ಬಾಗು ಕಾಣಲ್ಲ, ಮೇಲಿನ ಅಂಚನ್ನೇ ಓದಬೇಕು. ಓದಿದೆ. ಆಮೇಲೆ, ಬರೆದ ಅಂಕಿ ತಪ್ಪಾದರೆ ಏನು ಮಾಡ್ತೀಯ ಅಂದರು. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ, ತಾರೀಖು ಹಾಕ್ತೀನಿ, ವೈಟ್ನರ್ ಮುಟ್ಟಲ್ಲ ಅಂದೆ. ಅಲ್ಲಿಗೆ ಅವರ ಮುಖ ಸಡಿಲವಾಯಿತು.

ರೆಸ್ಯೂಮೆಯಲ್ಲಿ ನಾನು 'ಹಾರ್ಡ್ ವರ್ಕಿಂಗ್' ಅಂತೆಲ್ಲ ಹಾಕಿರಲಿಲ್ಲ. ಕೈಯಾರೆ ನಡೆಸಿದ ಉಪಕರಣಗಳ ಹೆಸರು, ಮಾಡಿದ ಟೆಸ್ಟು, ಅಷ್ಟೇ. ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯೋ ಎಚ್‌ಪಿಎಲ್‌ಸಿ ಯಂತ್ರ ನೋಡಿದ್ದೆ, ನಡೆಸಿರಲಿಲ್ಲ, ಹಾಗೇ ಬರೆದಿದ್ದೆ. ಕೆಲಸಕ್ಕೆ ಸೇರಿದಮೇಲೆ ಅವರೇ ಕಲಿಸಿದರು. ಶಿಫ್ಟ್ ಒಗ್ಗಲು ಸಮಯ ಹಿಡಿಯಿತು. ಎಂ.ಎಸ್ಸಿ. ಆಸೆ ಇದ್ದೇ ಇತ್ತಲ್ಲ, ಕೈಗೆ ಸಂಬಳ ಬರತೊಡಗಿದ ಮೇಲೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ ಮುಕ್ತಗಂಗೋತ್ರಿಯಲ್ಲಿ ಕೆಮಿಸ್ಟ್ರಿಗೆ ಸೇರಿಕೊಂಡೆ. ಫೀಸು ನಾನೇ ಕಟ್ಟಿದ್ದು.