ಬಳೆ ಬಿಗಿಯಾದರೆ ಟೇಪು ಹಿಡಿಯಿರಿ

ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ವರ್ಷ ಕಳೆದಿರುತ್ತದೆ, ಗಾಯ ಮಾಯ್ದಿರುತ್ತದೆ. ಒಂದು ದಿನ ಆ ಕೈಯ ಬಳೆ ಮೇಲೆ ಸರಿಯುವುದಿಲ್ಲ, ರವಿಕೆಯ ತೋಳು ಚರ್ಮದ ಮೇಲೆ ಗೆರೆ ಮೂಡಿಸುತ್ತದೆ. ‘ಕೆಲಸ ಜಾಸ್ತಿಯಾಯ್ತು, ಸರಿಹೋಗುತ್ತೆ’ ಎಂದು ಸುಮ್ಮನಾಗಬೇಡಿ.

ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ತೆಗೆದಾಗ ಅಥವಾ ಅಲ್ಲಿಗೆ ರೇಡಿಯೇಷನ್ ಕೊಟ್ಟಾಗ ಕೈಯಲ್ಲಿ ಸೇರುವ ದ್ರವ ಹೊರಹೋಗುವ ದಾರಿ ಕಿರಿದಾಗುತ್ತದೆ. ಅದರಿಂದ ಬರುವ ಬಾವೇ ಲಿಂಫೆಡೀಮಾ. ಕಂಕುಳಿನ ಗ್ರಂಥಿಗಳನ್ನು ಹೆಚ್ಚಾಗಿ ತೆಗೆಸಿಕೊಂಡವರಲ್ಲಿ ಸುಮಾರು 5ಕ್ಕೆ ಒಬ್ಬರಿಗೆ ಇದು ಬರುತ್ತದೆ.

ಮೊದಲು ಅಳತೆ. ಸಾಧ್ಯವಾದರೆ ಆಪರೇಷನ್‌ಗೆ ಮುಂಚೆಯೇ ಎರಡೂ ಕೈ ಅಳೆದಿಡಿ; ಬಲಗೈ ಬಳಸುವವರ ಬಲತೋಳು ಸಹಜವಾಗಿಯೇ ತುಸು ದಪ್ಪವಿರುತ್ತದೆ. ಟೈಲರ್ ಟೇಪು ಸಾಕು. ಮಣಿಕಟ್ಟಿನಿಂದ 10 ಸೆಂ.ಮೀ.ಗೊಂದರಂತೆ ಪೆನ್ನಿನಲ್ಲಿ ಗುರುತು ಹಾಕಿ, ಟೇಪು ಬಿಗಿಯದೆ ಸುತ್ತಳತೆ ಬರೆದುಕೊಳ್ಳಿ. ತಿಂಗಳಿಗೊಮ್ಮೆ, ಅದೇ ಹೊತ್ತಿಗೆ. ಎಲ್ಲಾದರೂ 2 ಸೆಂ.ಮೀ. ಹೆಚ್ಚಿದರೆ ವೈದ್ಯರಿಗೆ ತೋರಿಸಿ. ಅಳತೆ ಬದಲಾಗದಿದ್ದರೂ ಕೈ ಭಾರವೆನಿಸಿದರೆ ತೋರಿಸಲೇಬೇಕು.

ಆಪರೇಷನ್ ಮರುದಿನದಿಂದಲೇ ಮುಷ್ಟಿ ಬಿಗಿದು ಬಿಡುವುದು, ಮೊಣಕೈ ಮಡಚುವುದು ಶುರುವಾಗಲಿ. ಗಾಯದ ದ್ರವ ಹೊರಬರಲು ಇಟ್ಟಿದ್ದ ಕೊಳವೆ (ಡ್ರೇನ್) ತೆಗೆದ ಮೇಲೆ, ವೈದ್ಯರು ಒಪ್ಪಿದರೆ, ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆಯಂತೆ ಮೇಲೆ ಹತ್ತಿಸಿ. ಬೆರಳು ನಿಂತ ಕಡೆ ಪೆನ್ಸಿಲ್ ಗೆರೆ ಎಳೆಯಿರಿ. ನಾಳೆಯ ಗೆರೆ ಒಂದು ಬೆರಳಷ್ಟು ಮೇಲೇರಿದರೂ ಸಂತೋಷಪಡಿ.

ಚರ್ಮ ಒಡೆಯದಂತೆ ನೋಡಿಕೊಳ್ಳಿ. ಈಳಿಗೆ ತಾಗಿದ ಸಣ್ಣ ಗೀರನ್ನೂ ಸೋಪಿನಿಂದ ತೊಳೆಯಿರಿ. ಕೈ ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂದರೆ ಅದು ಸೋಂಕು. ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ.

ಬಾವು ಬಂದಿದ್ದರೆ ತರಬೇತಾದ ಫಿಸಿಯೋಥೆರಪಿಸ್ಟ್ ಬೇಕು: ಹಗುರ ಮಸಾಜ್, ಪದರ ಪದರವಾಗಿ ಬ್ಯಾಂಡೇಜ್, ಆಮೇಲೆ ಅಳತೆ ಕೊಟ್ಟು ಪಡೆದ ಒತ್ತಡದ ತೋಳುಚೀಲ (ಕೈಗೆ ಬಿಗಿಯಾಗಿ ತೊಡುವ ಉಡುಪು). ಬಿಸಿ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿಸಿಕೊಳ್ಳಬೇಡಿ. ಮೂತ್ರ ಹೆಚ್ಚಿಸುವ ಮಾತ್ರೆಯಿಂದ ಈ ಬಾವು ಇಳಿಯದು.

‘ಇನ್ನು ಕೊಡ ಎತ್ತಬೇಡಮ್ಮ’ ಎಂದು ಮನೆಯವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಬಾವಿದ್ದ ಮಹಿಳೆಯರೇ ತರಬೇತುದಾರರ ಕಣ್ಗಾವಲಿನಲ್ಲಿ ನಿಧಾನವಾಗಿ ಭಾರ ಎತ್ತಿದರು. ಬಾವು ಹೆಚ್ಚಲಿಲ್ಲ, ಉಲ್ಬಣಿಸುವುದೂ ಕಡಿಮೆಯಾಯಿತು. ತೋಳುಚೀಲ ಹಾಕಿಕೊಂಡು, ಫಿಸಿಯೋ ಹೇಳಿದಷ್ಟೇ ಭಾರದಿಂದ ಆರಂಭಿಸಿ. ಕೈ ನೋಯದಿದ್ದರೆ ಮುಂದಿನ ವಾರ ತುಸು ಹೆಚ್ಚಿಸಿ.